ಮಾಲ್ಸುನ್ ಅಕ್ಕನ ಜೊತೆಗಾರ

ಸೋಕ್ಚೊ ಬಂದರಿನಲ್ಲಿ ಮಾಲ್ಸುನ್ ಅಕ್ಕ ಒಣಮೀನು ಮಾರುತ್ತಾಳೆ. ನನ್ನ ಅಂಗಡಿ ಅವಳದರ ಪಕ್ಕಕ್ಕೇ. ಹರೆಯದಲ್ಲಿ ಅವಳ ಗಂಡ ಮೀನಿಗೆ ಹೋದಾಗ ಗಡಿಯಾಚೆಯ ಉತ್ತರ ದೇಶದವರು ದೋಣಿ ಸಮೇತ ಎಳೆದೊಯ್ದರು. ಅವರು ಬಿಟ್ಟು ಕಳಿಸಿದರೆ ನಮ್ಮವರು ಗೂಢಚಾರನೆಂದು ಜೈಲಿಗೆ ಹಾಕಿದರು. ತಪ್ಪಿಲ್ಲವೆಂದು ಕೋರ್ಟು ಹೇಳುವ ಹೊತ್ತಿಗೆ ಅವನು ಮಣ್ಣಾಗಿದ್ದ. ಅಕ್ಕ ಅಳಲಿಲ್ಲ. "ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ನ್ಯಾಯಾಧೀಶರನ್ನೇ ಕೇಳಿ ಬಂದಳು.

ಅಂಥ ಮನೆಯವರ ಹಿಂದೆ ಗುಪ್ತಚರ ಸಂಸ್ಥೆ ಇನ್ನೂ ಆಳು ಬಿಟ್ಟಿದೆ ಎಂದು ಈ ವಸಂತದಲ್ಲಿ ಒಂದು ಪತ್ರಿಕೆ ಬರೆಯಿತು. ಪತ್ರಿಕೆಯವರಿಗೆ ಹೇಳಿದವಳು ಅಕ್ಕನೇ. ಸಂಸತ್ತಿನ ಸಮಿತಿ ಸಂಸ್ಥೆಯ ಮುಖ್ಯಸ್ಥನನ್ನು ಕರೆಸಿ, ಬಾಗಿಲು ಮುಚ್ಚಿಕೊಂಡು ವಿಚಾರಿಸಿತು. ಹೊರಬಂದ ಸಂಸದರು, "ಹಾಗೇನೂ ಇಲ್ವಂತೆ" ಎಂದರು. ಅಕ್ಕನಿಗೆ ಅರಳುಮರಳು ಎಂದು ಬಂದರಿನವರೆಲ್ಲ ನಕ್ಕರು.

ಸಮಿತಿ ಮತ್ತೆ ಸೇರುವ ದಿನ ಅಕ್ಕ ರಾಜಧಾನಿ ಸೋಲ್‌ಗೆ ಹೋಗುವ ಬಸ್ಸು ಹತ್ತಿದಳು. ಅವಳ ಜೊತೆ ನಾನೂ. ಸಂಸತ್ತಿನ ಗೇಟಿನೆದುರು ಒಬ್ಬರೇ ಫಲಕ ಹಿಡಿದು ನಿಂತರೆ ಯಾರೂ ಏನೂ ಅನ್ನುವುದಿಲ್ಲ. ಇಬ್ಬರಾದರೆ ಅದು ಅನುಮತಿ ಬೇಕಾದ ಸಭೆ, ಪೊಲೀಸರು ಎಬ್ಬಿಸುತ್ತಾರೆ. ಅದಕ್ಕೇ ನಾನು ಸ್ವಲ್ಪ ದೂರದ ಬಸ್ ಸ್ಟಾಪಿನಲ್ಲಿ ಕೂತೆ. "ನನ್ನ ಹಿಂದೆ ಬರುವವನು ಇದ್ದಾನೆ. ಮುಖ್ಯಸ್ಥನನ್ನು ಇನ್ನೊಮ್ಮೆ ಕೇಳಿ" ಎಂದಿತ್ತು ಅಕ್ಕನ ಫಲಕ.

ಬೂದು ಜಾಕೆಟ್ಟಿನವನೊಬ್ಬ ಅವಳ ಪಕ್ಕದ ಮರಕ್ಕೆ ಒರಗಿ ಫೋನು ನೋಡುತ್ತಿದ್ದ. ಬಸ್ಸಿನಲ್ಲಿ ನಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದವನೂ ಅವನೇ.

ಮಧ್ಯಾಹ್ನವಾದರೂ ಅಕ್ಕ ಏನೂ ತಿಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬೇಯಿಸಿದ ಗೆಣಸು ಕೊಡಲು ಹೋಗಿ, ಅವಳ ಪಕ್ಕದಲ್ಲೇ ನಿಂತುಬಿಟ್ಟೆ. ಪೊಲೀಸಿನವನು ಓಡಿ ಬಂದ.

"ಅಜ್ಜಿ, ಇಬ್ರು ನಿಂತ್ರೆ ಸಭೆ ಆಗತ್ತೆ. ಆ ಕಡೆ ಹೋಗಿ."

"ಗೆಣಸು ತಿನ್ನೋದೂ ಸಭೆನೇನಪ್ಪಾ?" ಎಂದೆ.

ಅಕ್ಕ ನನ್ನನ್ನು ಹಿಂದಕ್ಕೆ ತಳ್ಳಿದಳು. "ಇವಳು ಹೋಗ್ತಾಳೆ ಬಿಡು. ಅಗೋ, ಮರಕ್ಕೆ ಒರಗಿದಾನಲ್ಲ, ಅವನು ಊರಿಂದ ನನ್ ಜೊತೆನೇ ಬಂದ. ಬೆಳಗ್ಗೆಯಿಂದ ನನ್ ಜೊತೆನೇ ನಿಂತಿದಾನೆ. ನಾವಿಬ್ರು ಸಭೆ ಅಲ್ವಾ? ಮೊದ್ಲು ಅವನನ್ನ ಹಿಡಿ. ಇಲ್ಲ, ಇಬ್ರನ್ನೂ ಒಂದೇ ಜೀಪಿಗೆ ಹತ್ತಿಸು, ನಂಗೇನೂ ನಾಚಿಕೆಯಿಲ್ಲ!"

ಗೇಟಿನ ಬಳಿ ಕಾದು ಕೂತಿದ್ದ ವರದಿಗಾರರು ನಗುತ್ತ ಕ್ಯಾಮೆರಾ ಎತ್ತಿದರು. ಎಲ್ಲರೂ ನೋಡುತ್ತಿರುವಾಗ ಪೊಲೀಸಿನವನು ಸುಮ್ಮನಿರುವ ಹಾಗಿರಲಿಲ್ಲ. ಹೋಗಿ, ಯಾರು ನೀವು ಎಂದು ಕೇಳಿದ. ಜಾಕೆಟ್ಟಿನವನು ಅಂಗೈಯಲ್ಲಿ ಮರೆಮಾಡಿ ಒಂದು ಕಾರ್ಡು ತೋರಿಸಿದ. ಪೊಲೀಸಿನವನ ಕೈ ತಾನಾಗಿ ಹಣೆಗೆ ಏರಿತು. ಸಲ್ಯೂಟ್!

"ತೆಗೆದ್ರಾ ಫೋಟೋ?" ಅಕ್ಕ ಕೂಗಿದಳು. "ದಾರೀಲಿ ಹೋಗೋನಿಗೆ ಸಲ್ಯೂಟ್ ಹೊಡೆಯೋ ದೇಶ ನೋಡಿ ನಮ್ದು!"

ಸಂಜೆ ಸಂಸದರು ಹೊರಬಂದು ಹಳೆಯ ಮಾತನ್ನೇ ಶುರು ಮಾಡಿದರು. ವರದಿಗಾರನೊಬ್ಬ ಆ ಫೋಟೋವನ್ನು ಅವರ ಮೂಗಿನ ಮುಂದೆ ಹಿಡಿದ. ಹಿರಿಯ ಸಂಸದ ಫೋಟೋ ನೋಡಿ, "ಮುಖ್ಯಸ್ಥರನ್ನ ಮತ್ತೆ ಕರೆಸ್ತೀವಿ" ಎಂದ.

"ಕರೆಸಿ. ನಾನೂ ಬರ್ತೀನಿ" ಎಂದಳು ಅಕ್ಕ.

"ಒಬ್ರೇ ಬರ್ತೀರಾ ಅಜ್ಜಿ?" ವರದಿಗಾರ ಕೇಳಿದ.

ಅಕ್ಕ ಫಲಕ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಅದನ್ನ ಮುಖ್ಯಸ್ಥನ್ನೇ ಕೇಳಪ್ಪ."