ಶಿರೂರಿನ ಹೊಲದಲ್ಲಿ ಚರಗ

ಪುಣೆಗೆ ಬಂದ ಮೇಲೆ ನಾನು ಎಳ್ಳ ಅಮಾವಾಸ್ಯೆಯನ್ನು ಮರೆತೇಬಿಟ್ಟಿದ್ದೆ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಪೈರಿನ ನಡುವೆ ಅಡುಗೆ ಎರಚುತ್ತಿದ್ದೆವು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಶಿವಾಜಿನಗರದ ಮೂರನೆಯ ಮಹಡಿಯಲ್ಲಿ ಎಲ್ಲಿಯ ಹೊಲ?

ಈಚೆಗೆ ನಮ್ಮೊಡನೆ ಇರಲು ಬಂದ ಅತ್ತೆ ಬಿಡಲಿಲ್ಲ. ನಮ್ಮ ಓಣಿಗೆ ಕಾಯಿಪಲ್ಯ ತರುವ ಶಿರೂರು ಕಡೆಯ ರೈತನನ್ನು ತಾವೇ ಒಪ್ಪಿಸಿದರು. ಇವರಿಗೆ ಮರಾಠಿ ಬಾರದು, ಅವನಿಗೆ ಕನ್ನಡ ಬಾರದು.

"ಹೊಲಾ ಅವಂದು, ಹೋಳಿಗಿ ನಮ್ದು. ಮುಗೀತಲ್ಲ?" ಎಂದರು.

ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪಲ್ಯ ಹೊತ್ತು ಹೋದೆವು. ಜೋಳದ ಹೊಲ, ಮಗ್ಗುಲಲ್ಲೇ ಆಳೆತ್ತರದ ಕಬ್ಬು. ಪೂಜೆ ಮುಗಿಸಿ ಅತ್ತೆ ಬುಟ್ಟಿ ಹಿಡಿದು ಹೊರಟರು. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನನ್ನ ಗಂಡ.

"ಹುಲ್ಲುಲ್ಲಿಗ್ಯೋ!" ಅತ್ತೆ ಚರಗದ ಕೂಗು ಹಾಕಿದರು.

"ಚಲಾಂಬರಿಗ್ಯೋ," ಗಂಡ ನಾಚಿಕೊಂಡು ಗೊಣಗಿದರು.

"ಜೋರಾಗಿ ಒದರೋ! ಭೂಮಿತಾಯಿಗೆ ಕೇಳಬ್ಯಾಡೇನು?"

ಅವರು ಗಂಟಲು ಬಿಚ್ಚಿದರು. ನಾನೂ ಸೇರಿಕೊಂಡೆ. ಅಷ್ಟರಲ್ಲಿ ಕಬ್ಬಿನಾಚೆಯಿಂದ ತಟ್ಟೆ ಬಡಿಯುವ ಸದ್ದು. ದೊಣ್ಣೆ, ಕುಡುಗೋಲು ಹಿಡಿದ ಜನ ಓಡಿಬಂದರು.

"ಬಿಬಟ್ಯಾ ಕುಠಾಯ್?" ಚಿರತೆ ಎಲ್ಲಿ ಎಂದು ಕೇಳುತ್ತಿದ್ದರು. ಆ ಸೀಮೆಯ ಕಬ್ಬಿನಲ್ಲಿ ಚಿರತೆ ಅಡಗುವುದುಂಟು.

"ಏನಂತಾರವಾ?" ಅತ್ತೆ ಕೇಳಿದರು.

"ನಿಮ್ಮನ್ನ ಚಿರತಿ ಹಿಡದದ ಅನ್ಕೊಂಡಾರ್ರಿ, ಅತ್ತೀ."

"ನನ್ನನ್ನ? ಹಿಡೀಲಿ ನೋಡೋಣು! ಕುಂದರಿಸವ್ರನ್ನ. ಪಾಪ, ಓಡಿ ಬಂದಾರ, ಹಸಿದಿರ್ತಾರ."

ದೊಣ್ಣೆಗಳು ಬದುವಿನ ಮೇಲೆ ಮಲಗಿದವು. ಉಣ್ಣುತ್ತ ಉಣ್ಣುತ್ತ ಚರಗದ ಅರ್ಥ ಕೇಳಿದರು, ನಾನು ಮರಾಠಿಯಲ್ಲಿ ಹೇಳಿದೆ. ಒಬ್ಬ ಮುದುಕ ಹೋಳಿಗೆ ಅಗಿಯುವುದನ್ನು ನಿಲ್ಲಿಸಿದ. ಈ ರೈತನ ಹೊಲವಷ್ಟೇ ಉಂಡರೆ ಹೇಗೆ, ನಮ್ಮ ಹೊಲ ಉಪವಾಸ ಇರಬೇಕೇನು ಎಂದ. ಉಳಿದವರೂ ಹೌದು ಹೌದು ಎಂದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಬುಟ್ಟಿಯ ತಳದ ರೊಟ್ಟಿಚೂರನ್ನು ಚಿಟಿಕೆ ಚಿಟಿಕೆಯಾಗಿ ಎಲ್ಲರ ಹೊಲಕ್ಕೂ ಹಂಚಿದರು. ಹಿಂದೆ ತಟ್ಟೆ ಬಡಿಯುತ್ತ ಮೆರವಣಿಗೆ. ಆದರೆ ಆ ಜನರ ಬಾಯಲ್ಲಿ ಚಲಾಂಬರಿಗ್ಯೋ ನಿಲ್ಲಲೊಲ್ಲದು. ನಾಲ್ಕು ಹೆಜ್ಜೆಯಲ್ಲೇ ಅದು "ಚಲಾ, ಭಾಕರಿ ಘ್ಯಾ!" ಆಯಿತು.

ಬನ್ನಿ, ರೊಟ್ಟಿ ತಗೊಳ್ಳಿ ಎಂದು ಕೂಗುತ್ತಿದ್ದಾರೆ ಎಂದು ಅತ್ತೆಗೆ ತಿಳಿಸಿದೆ.

"ಮತ್ತ? ನಾವೂ ಅದನ್ನ ಒದರೂದು," ಎಂದರು.

ಮನೆ ಮುಟ್ಟುವಷ್ಟರಲ್ಲಿ ಕೂಗಿ ಕೂಗಿ ಅತ್ತೆಯ ದನಿ ಪೂರ್ತಿ ಬಿದ್ದುಹೋಗಿತ್ತು. ಊರಿನಲ್ಲಿರುವ ತಮ್ಮ ತಂಗಿಗೆ ಫೋನ್ ಹಚ್ಚಿ, ನನ್ನ ಕೈಗೆ ಕೊಟ್ಟು, ಎಲ್ಲ ಹೇಳು ಎಂದು ಸನ್ನೆ ಮಾಡಿದರು. ನಾನು ಚಿರತೆಯಿಂದಲೇ ಶುರು ಮಾಡಿದೆ.