ಅಕ್ಕನಿಗೆ ಸಿಕ್ಕ ಮಹಡಿ

ನಾನು ಓದು ನಿಲ್ಲಿಸಿದ್ದು ಎರಡು ಸಾವಿರದ ಒಂದರಲ್ಲಿ, ಚಿನ್ನದ ಗಣಿ ಮುಚ್ಚಿದ ವರ್ಷ. ಎಂಟನೇ ಕ್ಲಾಸು ಪೂರ್ತಿಯಾಗಿರಲಿಲ್ಲ. ಕಾಮಸಮುದ್ರದ ಕಡೆಯ ನಮ್ಮೂರಿನಿಂದ ಬಸ್ಸಿನ ಮೇಲೆ ಪ್ಲಾಸ್ಟಿಕ್ ಬಿಂದಿಗೆ ಹೇರಿಕೊಂಡು ಕೆ.ಜಿ.ಎಫ್. ಪೇಟೆಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಟೀ ಅಂಗಡಿ ಅಕ್ಕನ ಬಲಗೈ. ಹಾಲಿನ ಹಬೆ ಬಡಿದು ಬಡಿದು ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಆ ಕೈ ತಲೆಗಿಂತ ಮೇಲಕ್ಕೆ ಹೋಗಿ ಟೀ ಸುರಿದರೆ ಹನಿ ಆಚೆ ಬೀಳುತ್ತಿರಲಿಲ್ಲ.

ಪೇಟೆಯಲ್ಲಿ ಬಿಂದಿಗೆ ಮಾರಲು ಇಟ್ಟ ಕಡೆಯಿಂದೆಲ್ಲ ನನ್ನನ್ನು ಎಬ್ಬಿಸುತ್ತಿದ್ದರು. ಅಕ್ಕ ತನ್ನ ಅಂಗಡಿಯ ಜಗಲಿ ತೋರಿಸಿ, "ಇಲ್ಲಿ ಆಕ್ಕೋ ತಂಬಿ. ಗಿರಾಕಿ ಕಾಲಿಗೆ ಅಡ್ಡ ಬರಬಾರ್ದು, ಅಷ್ಟೇ" ಎಂದಳು. ಜೊತೆಗೆ ಒಂದು ಟೀ ಕೊಟ್ಟಳು. ಪುಕ್ಕಟೆ ಕುಡಿಯುವ ಅಭ್ಯಾಸ ನನಗಿಲ್ಲ ಎಂದೆ. "ರೋಷಕ್ಕೇನೂ ಕಮ್ಮಿ ಇಲ್ಲ. ಅಂಗಾದ್ರೆ ಗ್ಲಾಸು ತೊಳಿ" ಎಂದಳು. ತೊಳೆದೆ. ಆ ಜಗಲಿಯ ಮೇಲೆಯೇ ನಾನು ವ್ಯಾಪಾರಸ್ಥನಾದೆ, ಮದುವೆಯಾದೆ, ಮಗಳಿಗೆ ಹೆಸರಿಟ್ಟೆ. ಜಾಗಕ್ಕೆಂದು ಅಕ್ಕ ಯಾವತ್ತೂ ಏನೂ ಕೇಳಲಿಲ್ಲ.

ನಂದಿದುರ್ಗ ಗಣಿಯ ಕೂಲಿಕಾರರ ಲೈನ್ ಮನೆಯವಳು ಅವಳು. ಗಂಡ ಗಣಿಯ ಕೆಳಗೆ ದುಡಿದು, ಎದೆಯಲ್ಲಿ ಧೂಳು ತುಂಬಿಕೊಂಡು ಹೋಗಿದ್ದ. ಗಣಿ ನಿಂತ ಮೇಲೂ ಶಿಫ್ಟ್ ಬಿಡುವ ಹೊತ್ತಿಗೆ ಸರಿಯಾಗಿ ಹಾಲು ಕಾಯಿಸಿ ನಿಲ್ಲುತ್ತಿದ್ದಳು. ಎಲ್ಲಿಗೂ ಹೋಗಬೇಕಾದ್ದಿಲ್ಲದ ಗಣಿಯ ಮುದುಕರು ಆ ಹೊತ್ತಿಗೇ ಬಂದು ಕೂರುತ್ತಿದ್ದರು.

ಅಕ್ಕನ ಬಾಯಲ್ಲಿ ಒಂದೇ ಮಾತು. ತಮಿಳಿನವರಿಗೆ ಪರವಾಯಿಲ್ಲೆ, ತೆಲುಗಿನವರಿಗೆ ಪರವಾಲೇದು, ನಮಗೆ ಪರವಾಗಿಲ್ಲ. ಮೂರು ಭಾಷೆಯಲ್ಲೂ ಅದು ಒಪ್ಪಿಗೆಯೂ ಹೌದು, ಬೇಡ ಅನ್ನುವ ಮರ್ಯಾದೆಯ ದಾರಿಯೂ ಹೌದು. ಯಾವುದು ಯಾವಾಗ ಎಂಬುದು ಜಗಲಿಯಲ್ಲಿ ಕೂತವನಿಗೆ ಗೊತ್ತು. ಮುಖ ನೋಡಿ ಹೇಳಿದರೆ ಆಗಲಿ ಎಂದು ಅರ್ಥ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದರೆ ಬೇಡ, ನನ್ನ ಪಾಡಿಗೆ ಬಿಡಿ ಎಂದು.

ಕೆಲವು ವರ್ಷದ ಹಿಂದೆ ಪೇಟೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಮಾತು ಶುರುವಾಯಿತು. ಬೆಳಗಿನ ರೈಲಿಗೆ ಊರಿಗೆ ಊರೇ ಬೆಂಗಳೂರಿಗೆ ಹೋಗಿ ದುಡಿದು ಬರುತ್ತದೆ, ಸಾಮಾನನ್ನೂ ಅಲ್ಲೇ ಕೊಂಡು ಬರುತ್ತದೆ. ಸಂಜೆ ಇಳಿದವರ ಕಾಲು ಇಲ್ಲಿ ನಿಲ್ಲಬೇಕಾದರೆ ಬೆಳಕು, ಅಗಲದ ದಾರಿ, ಒಳ್ಳೆ ಅಂಗಡಿ ಬೇಕು. ಇದನ್ನು ಹೇಳಿದವರಲ್ಲಿ ನಾನೂ ಒಬ್ಬ, ಮತ್ತು ಅದು ಸುಳ್ಳಲ್ಲ. ವ್ಯಾಪಾರಿಗಳ ಕಡೆಯಿಂದ ನಗರಸಭೆಯ ಸಮಿತಿಗೆ ನನ್ನನ್ನೇ ಆರಿಸಿದರು. ಎಂಟನೇ ಕ್ಲಾಸಿನವನು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದೆ.

ನಕ್ಷೆ ಬಂತು. ನಮ್ಮ ಸಾಲಿನ ಹಳೆ ಅಂಗಡಿ, ಜಗಲಿ ಎಲ್ಲ ತೆಗೆದು ಎರಡು ಮಹಡಿಯ ಮಳಿಗೆ. ನನಗೆ ಕೆಳಗೆ, ಮೂಲೆಯಲ್ಲಿ. ಅಕ್ಕನಿಗೆ ಮೇಲೆ. ಸಾಲಿನಲ್ಲಿ ಒಬ್ಬರು ಒಪ್ಪದಿದ್ದರೂ ಹಂಚಿಕೆ ಮತ್ತೆ ಮೊದಲಿಂದ ಆಗುತ್ತಿತ್ತು. ನನ್ನ ಮೂಲೆ ನನಗೇ ಉಳಿಯುವುದು ಖಾತ್ರಿ ಇರಲಿಲ್ಲ.

ಪ್ಲಾನು ಬರೆದ ಇಂಜಿನಿಯರ್ ಹುಡುಗಿ ಒಳ್ಳೆಯವಳು. ಸಭೆಯಲ್ಲಿ ಅಕ್ಕನ ಹತ್ತಿರವೇ ಬಂದು, ಮೇಲಿನ ಮಹಡಿ ಆಗಬಹುದಾ ಅಮ್ಮಾ ಎಂದು ಕೇಳಿದಳು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ "ಪರವಾಗಿಲ್ಲಮ್ಮಾ" ಎಂದಳು. ಆ ಹುಡುಗಿ ನನ್ನ ಕಡೆ ತಿರುಗಿದಳು.

"ಒಪ್ಪಿಗೆ ತಾನೇ?"

"ಹೂಂ ಮೇಡಂ" ಎಂದೆ.

ಮಳಿಗೆ ಎದ್ದಿತು. ಸಂಜೆ ಪೇಟೆಯಲ್ಲಿ ಜನ ನಿಂತರು, ಬಂಗಾರಪೇಟೆಯವರೂ ಬರತೊಡಗಿದರು. ಮುದುಕರು ಮಾತ್ರ ಮಹಡಿ ಹತ್ತಲಿಲ್ಲ. ಅವರಲ್ಲೊಬ್ಬ ನನ್ನ ಅಂಗಡಿ ಮುಂದೆ ನಿಂತು, "ಆಯುಸ್ಸೆಲ್ಲಾ ಕೆಳಕ್ಕಿಳಿದಿದ್ದಾಯ್ತು, ಒಂದು ಟೀಗೆ ಮ್ಯಾಲಕ್ಕತ್ತಬೇಕೇನ್ಲಾ?" ಎಂದ. ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಅಕ್ಕನೇ ಕೆಟಲ್ ಹಿಡಿದು, ಮೆಟ್ಟಿಲಿಗೊಂದು ಸಲ ನಿಂತು, ಕೆಳಗಿಳಿದು ಅಂಗಡಿ ಅಂಗಡಿಗೆ ಟೀ ಕೊಡುತ್ತಿದ್ದಳು. ಮೊದಲ ಗ್ಲಾಸು ನನಗೇ.

ಒಂದು ದಿನ ಆ ಗ್ಲಾಸನ್ನು ಕುಡಿಯದೆ ಪಕ್ಕಕ್ಕೆ ಸರಿಸಿದೆ. ತಪ್ಪಿರುವವನಿಗೇ ಸಿಟ್ಟು ಬೇಗ ಬರುತ್ತದೆ. "ಬ್ಯಾಡ ಅಂದ್ರೆ ಬ್ಯಾಡ ಅಂತ ಬಾಯ್ಬಿಟ್ಟು ಯೋಳಬೇಕಿತ್ತಕ್ಕಾ ಅವತ್ತು" ಎಂದು ರೇಗಿದೆ.

ಅಕ್ಕ ಕೆಟಲ್ ನೆಲಕ್ಕಿಟ್ಟಳು. "ನೀ ಪಕ್ಕದಾಗೇ ಇದ್ದಲ್ಲಾ ತಂಬಿ. ನೀ ಯೋಳ್ತೀಯ ಅಂದ್ಕೊಂಡೆ."

ಬೈಗುಳದ ದನಿ ಅದರಲ್ಲಿ ಇರಲೇ ಇಲ್ಲ. ಮಳೆ ಬರುತ್ತದೆ ಅಂದುಕೊಂಡೆ, ಬರಲಿಲ್ಲ ಎನ್ನುವ ಹಾಗೆ ಹೇಳಿ, ಪಕ್ಕದ ಅಂಗಡಿಗೆ ಹೋದಳು. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಒಲೆ ಆರಿಸಿ ಲೈನ್ ಮನೆಯಲ್ಲಿ ಉಳಿದಳು. ನೋಡಲು ಹೋದವನಿಗೆ, ಮೇಲಿನ ಮಳಿಗೆ ಖಾಲಿ ಕೊಳೆಯೋದು ಬೇಡ, ನೀನೇ ನಿನ್ನ ಹೆಸರಿಗೆ ಮಾಡಿಸಿಕೋ, ಬೇರೆ ಯಾರೋ ಯಾಕೆ ಎಂದಳು. ಅದನ್ನು ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಕ್ಷಮಿಸು ಎಂದು ಹೇಳಲೆಂದೇ ಹೋಗಿದ್ದೆ. ಮಗಳ ಸ್ಕೂಲಿನ ವಿಷಯ ಮಾತಾಡಿ ಎದ್ದು ಬಂದೆ.

ಮಾರನೆಯ ಬೇಸಿಗೆಯಲ್ಲಿ ಅಕ್ಕ ಹೋದಳು. ಹೆಣಕ್ಕೆ ಹೆಗಲು ಕೊಟ್ಟೆ. ದಾರಿಯುದ್ದಕ್ಕೂ ಜನ, ಇವನು ಆಯಮ್ಮನ ಸ್ವಂತ ತಮ್ಮನಿದ್ದಂಗೆ ಎಂದು ಮಾತಾಡಿಕೊಂಡರು. ನಾನು ತಿದ್ದಲಿಲ್ಲ.

ಈಗ ನನಗೆ ಬೇತಮಂಗಲದ ದಾರಿಯಲ್ಲಿ ಒಂದು ಮನೆ ಇದೆ. ಒಂದು ಲಗೇಜ್ ಆಟೋ ಇದೆ. ಅಂಗಡಿಯಲ್ಲಿ ಕೆಲಸಕ್ಕೆ ಇಬ್ಬರಿದ್ದಾರೆ. ಪೇಟೆಯಲ್ಲಿ ಮಳಿಗೆ ಎರಡು: ಕೆಳಗೆ ಒಂದು, ಮೇಲೆ ಒಂದು. ಮೇಲಿನದರಲ್ಲಿ ಬಿಂದಿಗೆ ಪೇರಿಸಿಟ್ಟಿದ್ದೇನೆ.