ಸ್ವಾಮಿ ಮೊದಲು ಕೇಳಿದ್ದು ಅವಳ ಬೇಡಿಕೆ

ಗುರುವಾರದ ಭಜನೆಯಲ್ಲಿ ಎಲ್ಲರೂ ಅಕ್ಕಲಕೋಟದ ಸ್ವಾಮಿಯ ಕೃಪೆಯ ಮಾತು ಹೇಳುವಾಗ ನಾನು ತಾಳ ಹಿಡಿದು ಸುಮ್ಮನಿರುತ್ತಿದ್ದೆ. ಹೇಳಲು ನನ್ನಲ್ಲೂ ಇತ್ತು. ನಾಚಿಕೆಯ ಜಾಗದ ರೋಗವೆಂದು ಮುಂದೂಡುತ್ತ ಬಂದೆ. ಈಗ ಕಣ್ಣು ಮಂಜಾಗುತ್ತಿದೆ, ಇನ್ನೂ ತಡಮಾಡಿದರೆ ಬರೆಯಲಾಗದು.

ಎಪ್ಪತ್ತಾರನೆಯ ಇಸವಿಯ ಚಳಿಗಾಲ. ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಎರಡು ಖೋಲಿ. ತಾಯಿ, ನಾನು, ನನ್ನ ಹೆಂಡತಿ. ನನಗಾಗ ನಲವತ್ತು ದಾಟಿತ್ತು. ಒಂದು ಮುಂಜಾನೆ ನಮ್ಮ ಹಾಸಿಗೆಯಲ್ಲಿ ರಕ್ತದ ಕಲೆ ಕಂಡಿತು. ಮುಟ್ಟಾದ ಹೆಂಗಸು ಮೋರಿಯ ಪಕ್ಕ ತಟ್ಟಿನ ಮೇಲೆ ಕೂಡಬೇಕು, ದೇವರ ಖೋಲಿಗೆ ಕಾಲಿಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ನಾವು ಮಲಗುತ್ತಿದ್ದುದು ದೇವರ ಖೋಲಿಯಲ್ಲೇ. ಆ ರಕ್ತ ಗಂಡಸಿನದಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

"ಹೊರಗಾಗಿದ್ದು ಮುಚ್ಚಿಟ್ಟು ದೇವರ ಮುಂದ ಮಲಗಿದಿಯೇನ?" ಎಂದೆ.

"ಇಲ್ಲರಿ. ನಂದು ಹ್ವಾದ ವಾರನ ಮುಗದದ. ಅತ್ತ್ಯಾರೇ ತಲಿಮ್ಯಾಲೆ ನೀರು ಹಾಕ್ಯಾರ, ಕೇಳ್ರಿ. ಇದು ನಿಮ್ಮ ಕಡಿಂದ ಬಂದದ."

ಬಾಗಿಲಲ್ಲಿದ್ದ ತಾಯಿ ಇಡೀ ವಾಡೆಗೆ ಕೇಳುವಂತೆ ನಕ್ಕಳು. "ಬರ್ರಿ, ನೋಡಬರ್ರಿ! ಇನ್ನ ಮ್ಯಾಲೆ ಗಂಡಸ್ರೂ ಮೋರಿ ಬಾಜೂಕ ಕೂಡಬೇಕಂತ!"

ನಾನು ಹೆಂಡತಿಯ ಕೆನ್ನೆಗೆ ಹೊಡೆದೆ. ಆ ಚಾದರವನ್ನು ಎಲ್ಲರೂ ನೀರು ಹಿಡಿಯುವ ನಳದ ಮುಂದೆ, ನೆರೆಯ ಹೆಂಗಸರ ಎದುರೇ ಒಗೆಸಿದೆ. ಮಧ್ಯಾಹ್ನ ಎಸ್.ಟಿ. ಬಸ್ಸು ಹತ್ತಿಸಿ ಅವಳ ತವರು, ಅಕ್ಕಲಕೋಟದ ಬಳಿಯ ನಾಗಣಸೂರಿಗೆ ಕಳಿಸಿದೆ.

ಅವಳು ಹೋದ ಕೆಲವು ದಿನಗಳಿಗೆ ನಿದ್ದೆಯಲ್ಲಿ ನನಗೆ ಸ್ಖಲನವಾಯಿತು. ಎದ್ದು ನೋಡಿದರೆ ಧೋತರದ ಮೇಲೆ ಅದೇ ಕಲೆ, ಕಬ್ಬಿಣದ ತುಕ್ಕಿನ ಬಣ್ಣದ್ದು. ಮತ್ತೆ ಹಾಗೇ ಆಯಿತು. ಮೂತ್ರ ಉರಿಯತೊಡಗಿತು, ಸಂಜೆಗೆ ಜ್ವರ. ಧಾತುವೆಲ್ಲ ರಕ್ತವಾಗಿದೆ, ಇನ್ನು ನಾನು ಉಳಿಯುವುದಿಲ್ಲ ಎಂದುಕೊಂಡೆ. ತಾಯಿ ಏಳುವ ಮೊದಲೇ ಧೋತರ ಒಗೆದು ಒಣಹಾಕುತ್ತಿದ್ದೆ. ಹೆಂಡತಿ ಹೇಳಿದ್ದು ನಿಜವೆಂದು ಆಗಲೇ ತಿಳಿದಿತ್ತು. ಅವಳನ್ನು ಕರೆತರಲು ಮಾತ್ರ ಹೋಗಲಿಲ್ಲ. ಯಾರೋ ಕೊಟ್ಟ ಭಸ್ಮ ತಿಂದೆ, ಜ್ವರ ಹೆಚ್ಚಿತು.

ಕೊನೆಗೆ ಒಂದು ಗುರುವಾರ ಅಕ್ಕಲಕೋಟಕ್ಕೆ ಹೋಗಿ ಗುಡಿಯಲ್ಲಿ ಸ್ವಾಮಿಯ ಮೂರ್ತಿಯ ಮುಂದೆ ಅಡ್ಡಬಿದ್ದೆ. "ರಕ್ತ ನಿಲ್ಲಸಪ್ಪಾ. ಯಾರಿಗೂ ಗೊತ್ತಾಗಧಂಗ ನಿಲ್ಲಸು" ಎಂದು ಬೇಡಿಕೊಂಡೆ.

ತಲೆ ಎತ್ತಿದಾಗ ಗುಡಿಯ ಆಲದ ಮರದ ಸುತ್ತ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕುತ್ತ ನನ್ನ ಹೆಂಡತಿ ಬಂದಳು. ಬಡವಾಗಿದ್ದಳು. ನನ್ನ ಮುಖ ನೋಡಿ ನಿಂತಳು.

"ಮತ್ತ ಕಂಡತೇನ್ರಿ?"

ಹೌದೆಂದು ತಲೆ ಆಡಿಸಿದೆ.

"ನಾ ಗುರುವಾರಕ್ಕೊಮ್ಮೆ ಬಂದು ಬೇಡಿದ್ದು ಅದನ್ನ. ನಾ ಇಲ್ಲದಾಗ ನಿಮಗ ಮತ್ತ ಕಾಣ್ಲಿ ಅಂತ. ನೀವು ಸಾಯ್ಲಿ ಅಂತ ಬೇಡಿಲ್ಲ. ನಡೀರಿ, ಡಾಕ್ಟರ್ ಕಡಿ ಹೋಗೂಣು."

ಅದೇ ಮಧ್ಯಾಹ್ನದ ಬಸ್ಸಿಗೆ ಸೊಲ್ಲಾಪುರಕ್ಕೆ ಬಂದೆವು. ಡಾಕ್ಟರು ರಕ್ತದೊತ್ತಡ ನೋಡಿದರು, ಗುದದ್ವಾರದಲ್ಲಿ ಬೆರಳಿಟ್ಟು ಒಳಗಿನ ಗ್ರಂಥಿ ಪರೀಕ್ಷಿಸಿದರು, ಮೂತ್ರ ತಪಾಸಣೆ ಮಾಡಿಸಿದರು.

"ವೀರ್ಯದಾಗ ರಕ್ತ ಕಂಡ್ರ ಸಾವೇನಲ್ಲ. ಹರೇದವರಿಗಿ ಒಮ್ಮೆ ಬಂದ್ರ ಭಾಳ ಸಲ ತಾನ ಹೋಗ್ತದ. ಆದ್ರ ನಲವತ್ತು ದಾಟಿದವರು, ಮತ್ತ ಮತ್ತ ಕಂಡವರು, ಜ್ವರ, ಉರಿ, ನೋವು, ಮೂತ್ರದಾಗ ರಕ್ತ, ವೃಷಣದಾಗ ಗಂಟು ಇದ್ದವರು ಹಾದಿ ನೋಡಬಾರದು. ನಿಮ್ಮ ಗ್ರಂಥಿಗಿ ನಂಜಾಗ್ಯಾದ. ಇಷ್ಟು ದಿನ ಯಾಕ ಬರಲಿಲ್ಲ?"

"ಹೆಂಡ್ತೀದು ಅನ್ಕೊಂಡಿದ್ದೆರಿ."

ಡಾಕ್ಟರು ಬಾಗಿಲ ಬಳಿ ನಿಂತಿದ್ದ ಅವಳತ್ತ ನೋಡಿದರು. "ನಿಮಗೇನರೆ ತ್ರಾಸ ಅದ ಏನವ್ವಾ?"

"ನನಗೇನೂ ಆಗಿಲ್ಲರಿ" ಎಂದಳು.

ಕೆಲವು ವಾರ ಔಷಧ ತಿಂದೆ, ಪೂರ್ತಿ ಗುಣವಾಯಿತು. ತಾಯಿ ಕೇಳಿದಾಗ ಉಷ್ಣವಾಗಿತ್ತು ಎಂದೆ. ಹೆಂಡತಿ ಅಲ್ಲೇ ಪಾತ್ರೆ ತೊಳೆಯುತ್ತಿದ್ದಳು. ದೇವರನ್ನು ಮೈಲಿಗೆ ಮಾಡಿದವಳು ಎಂಬ ಹೆಸರು ವಾಡೆಯಲ್ಲಿ ಅವಳಿಗೇ ಉಳಿಯಿತು. ತಾಯಿ ಸಾಯುವವರೆಗೂ ಅವಳಿಂದ ನೈವೇದ್ಯ ಮಾಡಿಸಲಿಲ್ಲ.

ಅಂದಿನಿಂದ ಅವಳು ಪ್ರತಿ ತಿಂಗಳೂ ಬಾಗಿಲಾಚೆ ನಿಂತು, ಕಲೆಯಾದ ಬಟ್ಟೆಯ ತುದಿ ಎತ್ತಿ ನನಗೆ ತೋರಿಸಿ, "ಹೊರಗಾಗೀನ್ರಿ" ಎಂದು ಹೇಳಿಯೇ ಮೋರಿಯ ಬಳಿ ಹೋಗುತ್ತಿದ್ದಳು. ವಯಸ್ಸಾಗಿ ಮುಟ್ಟು ನಿಂತಾಗಲೂ ಬಂದು, "ಇನ್ನ ತೋರ್ಸೂದಿಲ್ಲರಿ, ನಿಂತದ" ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಭಕ್ತ ಬಾಂಧವರೇ, ಸ್ವಾಮಿ ಕೇಳುತ್ತಾನೆ. ನನಗೆ ಇದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಮೊದಲು ಅವಳ ಬೇಡಿಕೆ ಕೇಳಿದ, ಅದರಿಂದ ನಾನು ಬದುಕಿದೆ. ಆಮೇಲೆ ನನ್ನದನ್ನೂ ನಡೆಸಿಕೊಟ್ಟ: ರಕ್ತ ನಿಂತಿತು, ಯಾರಿಗೂ ಗೊತ್ತಾಗಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇಂಥ ಕಲೆ ಕಂಡರೆ ಸ್ವಾಮಿಗೆ ಕೈಮುಗಿದು ನೇರ ಡಾಕ್ಟರ ಬಳಿ ಹೋಗಿರಿ. ಮನೆಯ ಹೆಂಗಸಿನ ಕಡೆ ಬೆರಳು ತೋರಿಸಬೇಡಿರಿ.

ಹೋದ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ತಪ್ಪಾಯಿತು ಎಂದು ನಾನು ಯಾರಿಗೆ ಒಮ್ಮೆಯೂ ಹೇಳಲಿಲ್ಲವೋ ಆಕೆ, ನಾಗಣಸೂರಿನ ನೀಲವ್ವ.